ಲಕ್ಷಕ್ಕೆ ಎಷ್ಟು ಬ್ಯಾಂಕು?

2002ರ ನಂಜುಂಡಪ್ಪ ವರದಿ ಗೊತ್ತಲ್ಲ? 114 ಹಿಂದುಳಿದ ತಾಲ್ಲೂಕು, ಅದರಲ್ಲಿ ಅತ್ಯಂತ ಹಿಂದುಳಿದವು 39. ಆ 39ರಲ್ಲಿ 26 ಉತ್ತರ ಕರ್ನಾಟಕದವೇ. ಅಳೆಯೋಕೆ ಬಳಸಿದ 35 ಸೂಚಕಗಳಲ್ಲಿ ಲಕ್ಷ ಜನಕ್ಕೆ ಎಷ್ಟು ಬ್ಯಾಂಕ್ ಶಾಖೆ ಅನ್ನೋದೂ ಒಂದು. ನನಗೆ ತಕರಾರಿರೋದು ಇಲ್ಲೇ. ಶಾಖೆಗಳೆಲ್ಲ ತಾಲ್ಲೂಕು ಕೇಂದ್ರದಲ್ಲೇ ಗುಂಪುಗೂಡಿದ್ರೂ ಸರಾಸರಿ ಅಷ್ಟೇ ಬರುತ್ತೆ!

ನಮ್ಮ ಹೊಳಲೂರಿನ ಅತ್ತೆಗೆ ಪಿಂಚಣಿ ಬರುತ್ತೆ. ಖಾತೆ ಇದೆ, ಪಾಸ್‌ಬುಕ್ಕೂ ಇದೆ. ಗೇಯ್ದು ಗೇಯ್ದು ಬೆರಳು ಸವೆದಿದೆ, ಹೆಬ್ಬೆಟ್ಟಿನ ಮಿಷಿನ್ನು ಒಪ್ಪಲ್ಲ. ಎರಡು ಸಲ ಅಲೆದರೆ ಎರಡು ದಿನದ ಕೂಲಿ ಖೋತಾ. "ದುಡ್ಡು ನಂದೇ ಅಲ್ವೇನೋ ತಮ್ಮಾ?" ಅಂತಾಳೆ. ಸರ್ಕಾರದ ಲೆಕ್ಕದಲ್ಲಿ ಮಾತ್ರ ಅವಳು ಬ್ಯಾಂಕ್ ಸೌಲಭ್ಯ ಸಿಕ್ಕವಳು. ಶಿವಮೊಗ್ಗ–ಹೊನ್ನಾಳಿ ರಸ್ತೆ ಪಕ್ಕದಲ್ಲೇ ಇರೋರ ಕಥೆ ಹೀಗಾದ್ರೆ, ದೇವದುರ್ಗದ ತಾಂಡಾದವರ ಪಾಡೇನು ಸ್ವಾಮೀ?

2021ರಲ್ಲಿ ರಿಸರ್ವ್ ಬ್ಯಾಂಕ್ ಒಂದು ಸೂಚ್ಯಂಕ ತಂತು. ಲಭ್ಯತೆಗೆ ಶೇ. 35, ಬಳಕೆಗೆ 45, ಗುಣಮಟ್ಟಕ್ಕೆ 20 ತೂಕ. ಖಾತೆ ಇದ್ದರೆ ಸಾಲದು, ಬಳಸಬೇಕು ಅಂತ ಒಪ್ಪಿಕೊಂಡ್ರಲ್ಲ, ವಾಸಿ. ಆ ವರ್ಷದ ಮಾರ್ಚಿಗೆ ಬಂದ ಅಂಕ 53.9. ಇಡೀ ದೇಶಕ್ಕೆ ಅದೊಂದೇ ಅಂಕಿ. ದೇವದುರ್ಗಕ್ಕೆಷ್ಟು ಅಂತ ಅದರಲ್ಲಿ ಹುಡುಕಿದ್ರೂ ಸಿಗಲ್ಲ.