ಗೂಬೆಗೆ ಬೇಕಾದ ದಯೆ

ನಮ್ಮ ಕನ್ನಡದಲ್ಲಿ ಗೂಬೆಯ ಪಾಲಿಗೆ ಬಂದಿರುವ ಒಳ್ಳೆಯ ಮಾತು ಬಹಳ ಕಡಿಮೆ. ದಡ್ಡನನ್ನು ಬಯ್ಯಲು ಗೂಬೆ ಬೇಕು. ಅಳುವ ಮಗುವನ್ನು ಸುಮ್ಮನಿರಿಸಲು ಗುಮ್ಮ ಬೇಕು. ತನ್ನ ತಪ್ಪನ್ನು ಇನ್ನೊಬ್ಬರಿಗೆ ದಾಟಿಸಿದವನನ್ನು ಕಂಡರೆ ‘ಅವರ ತಲೆಯ ಮೇಲೆ ಗೂಬೆ ಕೂರಿಸಿದ’ ಎನ್ನುತ್ತೇವೆ. ಮನೆಯೊಳಗೆ ಗೂಬೆ ಹೊಕ್ಕರೆ ಶಾಂತಿ ಮಾಡಿಸುವವರು, ಕೆಲವು ದಿನ ಮನೆಯನ್ನೇ ಬಿಟ್ಟು ಹೋಗುವವರು ನಮ್ಮ ಹಿರಿಯರಲ್ಲಿದ್ದರು, ಇಂದಿಗೂ ಇದ್ದಾರೆ. ಅದೇ ಗೂಬೆ ಲಕ್ಷ್ಮಿಯ ವಾಹನವೆಂದು ಹೇಳುವವರೂ ನಾವೇ. ಇಂಥ ಹಕ್ಕಿಯ ಸೇವೆಗೆ ನಿಂತಿರುವ ನನ್ನನ್ನು ಕಂಡು ಸಂಘದ ಗೆಳತಿಯರು, ‘ನಿನ್ನ ತಲೆಯ ಮೇಲೆ ಎಷ್ಟು ಗೂಬೆ ಕೂತಿವೆ?’ ಎಂದು ತಮಾಷೆ ಮಾಡುವುದುಂಟು. ತಲೆಯ ಮೇಲಿರಲಿ, ತೋಳಿನ ಮೇಲೂ ಕೂರಿಸಿಕೊಳ್ಳುವುದಿಲ್ಲ ಎಂಬುದು ನನ್ನ ಉತ್ತರ. ಏಕೆ ಕೂರಿಸಿಕೊಳ್ಳುವುದಿಲ್ಲ ಎಂಬುದನ್ನು ನಿಮ್ಮೊಂದಿಗೆ ಹಂಚಿಕೊಳ್ಳಲು ಈ ಬರಹ.

ಪುಣೆಯ ಹೊರವಲಯದಲ್ಲಿ ಒಬ್ಬ ಪುಣ್ಯಾತ್ಮರು ಬಿಟ್ಟುಕೊಟ್ಟ ಜಾಗದಲ್ಲಿ, ಅರಣ್ಯ ಇಲಾಖೆಯ ಅನುಮತಿ ಪಡೆದು, ನಾವು ಹನ್ನೊಂದು ಮಂದಿ ಗಾಯಗೊಂಡ ಹಕ್ಕಿಗಳ ಆರೈಕೆ ಮಾಡುತ್ತೇವೆ. ಒಬ್ಬರು ಪಶುವೈದ್ಯರು, ಉಳಿದವರೆಲ್ಲ ಶಿಕ್ಷಕರು, ಕಾಲೇಜು ವಿದ್ಯಾರ್ಥಿಗಳು, ನನ್ನಂಥ ನಿವೃತ್ತ ಬ್ಯಾಂಕ್ ನೌಕರರು. ಯಾರಿಗೂ ಸಂಬಳವಿಲ್ಲ. ತಗಡಿನ ಸೂರಿನ ಎರಡು ಕೋಣೆ, ಹಾರಾಟ ಅಭ್ಯಾಸ ಮಾಡಲು ಉದ್ದನೆಯ ಒಂದು ಜಾಲರಿ ಮನೆ, ಒಂದು ಹಳೆಯ ಫ್ರಿಜ್ಜು, ಲೆಕ್ಕವಿಲ್ಲದಷ್ಟು ಹಳೆಯ ಟವೆಲ್ಲುಗಳು: ಇಷ್ಟೇ ನಮ್ಮ ಆಸ್ತಿ.

ನಮ್ಮ ಪಂಚಾಂಗವೇ ಬೇರೆ. ಸಂಕ್ರಾಂತಿ ಎಂದರೆ ನಿಮಗೆ ಎಳ್ಳು ಬೆಲ್ಲ; ನಮಗೆ ಮಾಂಜಾ ದಾರದಲ್ಲಿ ರೆಕ್ಕೆ ಕೊಯ್ದುಕೊಂಡ ಹದ್ದು, ಪಾರಿವಾಳ, ಗೂಬೆಗಳು. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ಇಡೀ ದೇಶದಲ್ಲಿ ನಿಷೇಧಿಸಿತು. ಆದರೂ ಅದು ಮರಗಳಲ್ಲಿ ಸಿಕ್ಕುತ್ತಲೇ ಇದೆ. ಹಬ್ಬ ಮುಗಿದು ತಿಂಗಳುಗಳಾದರೂ ಕೊಂಬೆಗಳಲ್ಲಿ ತೂಗುತ್ತ ರಾತ್ರಿ ಹಾರುವ ಹಕ್ಕಿಗೆ ಕಾಣದ ಉರುಳಾಗುತ್ತದೆ. ಬೇಸಿಗೆಯಲ್ಲಿ ನೀರಿಲ್ಲದೆ ಬಳಲಿ ಬೀಳುವ ಹಕ್ಕಿಗಳು, ಮಳೆಗಾಲದಲ್ಲಿ ಗೂಡು ಸಮೇತ ನೆಲಕ್ಕೆ ಬರುವ ಮರಿಗಳು. ದೀಪಾವಳಿ ಬಂತೆಂದರೆ ಪಟಾಕಿಗೆ ಬೆದರಿ ಗೋಡೆಗೆ ಬಡಿದುಕೊಂಡವು ಒಂದು ಕಡೆ, ಮಾಟಮಂತ್ರಕ್ಕೆಂದು ಹಿಡಿದು ಮಾರುವವರ ಭಯ ಇನ್ನೊಂದು ಕಡೆ. ಭಾರತದಲ್ಲಿ ಗೂಬೆಗಳ ಕಳ್ಳ ವ್ಯಾಪಾರ ಹೇಗೆ ನಡೆಯುತ್ತದೆಂದು ಪಕ್ಷಿತಜ್ಞ ಅಬ್ರಾರ್ ಅಹ್ಮದ್ ಅವರು ‘ಟ್ರಾಫಿಕ್ ಇಂಡಿಯಾ’ ಸಂಸ್ಥೆಗಾಗಿ ಸಿದ್ಧಪಡಿಸಿದ ವರದಿ 2010ರಲ್ಲಿ ಹೊರಬಂತು. ಲಕ್ಷ್ಮೀಪೂಜೆಯ ರಾತ್ರಿಯೇ ಲಕ್ಷ್ಮಿಯ ವಾಹನವನ್ನು ಬಲಿಕೊಟ್ಟರೆ ಸಂಪತ್ತು ಬರುತ್ತದೆಂದು ನಂಬುವವರ ತರ್ಕ ನನಗಿನ್ನೂ ಅರ್ಥವಾಗಿಲ್ಲ.

ಆದರೆ ಓದುಗರೇ, ನಮ್ಮಲ್ಲಿಗೆ ಬರುವ ಹಕ್ಕಿಗಳೆಲ್ಲ ದುಷ್ಟರ ಕೈಯಿಂದ ಬಂದವಲ್ಲ. ಎಷ್ಟೋ ಹಕ್ಕಿಗಳಿಗೆ ತೊಂದರೆಯಾಗಿರುವುದು ಒಳ್ಳೆಯವರ ದಯೆಯಿಂದ. ಬಾಯಾರಿರಬಹುದೆಂದು ಕೊಕ್ಕು ಬಿಡಿಸಿ ನೀರು ಹೊಯ್ಯುತ್ತಾರೆ. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುವುದರಿಂದ ಆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಗೂಬೆಗೆ ಹಾಲು, ಬ್ರೆಡ್ಡು, ಅನ್ನ ತಿನ್ನಿಸುತ್ತಾರೆ. ಹೆದರಿ ಕಲ್ಲಿನಂತೆ ಕೂತ ಹಕ್ಕಿಯ ತಲೆ ಸವರಿ, ‘ನೋಡಿ, ಎಷ್ಟು ಬೇಗ ಒಗ್ಗಿಕೊಂಡಿತು’ ಎಂದು ಸಂತೋಷಪಡುತ್ತಾರೆ. ಅದು ಒಗ್ಗಿಕೊಂಡದ್ದಲ್ಲ, ಪ್ರಾಣಭಯ. ಇನ್ನು ಕೆಲವರು ರೆಕ್ಕೆ ಬಲಿಯುತ್ತಿರುವ ಮರಿ ಮರದ ಕೆಳಗೆ ಕಂಡೊಡನೆ ‘ಅನಾಥ’ ಎಂದು ಎತ್ತಿಕೊಂಡು ಬರುತ್ತಾರೆ. ಅದರ ತಾಯಿತಂದೆ ಮೇಲಿನ ಕೊಂಬೆಯಲ್ಲೇ ಕಾದು ಕುಳಿತಿರುತ್ತವೆ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬ ಮಾತು ಸುಳ್ಳು. ಆದ್ದರಿಂದ ಆರೋಗ್ಯವಾಗಿರುವ ಮರಿಯನ್ನು ತಂದವರಿಗೆ ನಾವು ಕೈಮುಗಿದು ಹೇಳುವುದು ಒಂದೇ: ಎಲ್ಲಿಂದ ತಂದಿರೋ ಅಲ್ಲೇ, ಬೆಕ್ಕು ನಾಯಿಗೆ ಎಟುಕದ ಎತ್ತರದಲ್ಲಿ ಇಟ್ಟು ಬನ್ನಿ. ಕೆಲವರಿಗೆ ಬೇಸರವಾಗುತ್ತದೆ. ಅಷ್ಟು ದೂರದಿಂದ ಆಟೋ ಮಾಡಿಕೊಂಡು ಬಂದವರಿಗೆ ಬೇಸರವಾಗುವುದು ಸಹಜವೇ.

ದಯೆ ಎಂದರೆ ನಮಗೆ ಹಿತವಾದದ್ದನ್ನು ಮಾಡುವುದಲ್ಲ, ಹಕ್ಕಿಗೆ ಹಿತವಾದದ್ದನ್ನು ಮಾಡುವುದು. ಹೇಳುವುದು ಸುಲಭ. ನಡೆಸುವುದು ಎಷ್ಟು ಕಷ್ಟವೆಂಬುದು ನನಗೆ ತಿಳಿದದ್ದು ಊಟದ ವಿಷಯದಲ್ಲಿ.

ನಮ್ಮದು ಮೊಟ್ಟೆಯನ್ನೂ ಒಳಗೆ ತರದ ಮನೆ. ಗೂಬೆಯೋ ಅಪ್ಪಟ ಮಾಂಸಾಹಾರಿ. ಅದರಲ್ಲೂ ಬರೀ ಮಾಂಸದ ತುಂಡು ಸಾಲದು. ಎಲುಬು, ತುಪ್ಪಳ ಸಹಿತ ಇಡೀ ಇಲಿ ಬೇಕು. ಎಲುಬಿಲ್ಲದ ಮಾಂಸವನ್ನಷ್ಟೇ ತಿಂದು ಬೆಳೆದ ಮರಿಗೆ ಸುಣ್ಣದಂಶ ಸಾಲದೆ ಕಾಲು ಸೊಟ್ಟಗಾಗುತ್ತದೆ. ತಿಂದದ್ದರಲ್ಲಿ ಅರಗದ ಎಲುಬು, ಕೂದಲುಗಳನ್ನು ಗೂಬೆ ಉಂಡೆ ಕಟ್ಟಿ ಬಾಯಿಂದಲೇ ಹೊರಹಾಕುತ್ತದೆ. ಆ ಉಂಡೆ ಬಿದ್ದಿದೆಯೇ ಎಂದು ಬೆಳಿಗ್ಗೆ ನೋಡುವುದು, ಬಿದ್ದಿದ್ದರೆ ಸಮಾಧಾನಪಡುವುದು ನಮ್ಮ ದಿನಚರಿ. ಸತ್ತ ಇಲಿಯನ್ನು ಫ್ರಿಜ್ಜಿನಿಂದ ತೆಗೆದು, ಬಿಸಿನೀರಲ್ಲಿ ಮಂಜು ಕರಗಿಸಿ, ಮರಿಗಳಿಗೆ ಕತ್ತರಿಯಿಂದ ತುಂಡು ಮಾಡಿ, ಚಿಮುಟದಲ್ಲಿ ಹಿಡಿದು ಕೊಡಬೇಕು. ಮೊದಲ ವಾರ ನನಗೆ ಮಧ್ಯಾಹ್ನದ ಊಟ ಸೇರಲಿಲ್ಲ. ಆಮೇಲೆ ಸೇರಿತು.

ದೆಹಲಿಯ ಕೆಂಪುಕೋಟೆಯ ಎದುರಿಗೆ, ಲಾಲ್ ಮಂದಿರದ ಆವರಣದಲ್ಲಿ 1929ರಲ್ಲಿ ಆರಂಭವಾದ ಜೈನರ ಪಕ್ಷಿ ಆಸ್ಪತ್ರೆಯಿದೆ. ಇಷ್ಟು ದೀರ್ಘಕಾಲ ಹಕ್ಕಿಗಳಿಗೆ ಉಚಿತ ಚಿಕಿತ್ಸೆ ನೀಡುತ್ತಿರುವ ಆ ಸಂಸ್ಥೆಗೆ ಎಷ್ಟು ವಂದಿಸಿದರೂ ಕಡಿಮೆ. ತಮ್ಮ ಧರ್ಮದ ಮಿತಿಯಲ್ಲಿ ಅವರು ಮಾಂಸಾಹಾರಿ ಹಕ್ಕಿಗಳನ್ನು ಸಸ್ಯಾಹಾರಿ ಹಕ್ಕಿಗಳೊಂದಿಗೆ ಒಳಗಿಟ್ಟುಕೊಳ್ಳುವುದಿಲ್ಲ. ಅದೇ ದೆಹಲಿಯ ವಜೀರಾಬಾದಿನಲ್ಲಿ ನದೀಮ್ ಶಹಜಾದ್, ಮೊಹಮ್ಮದ್ ಸೌದ್ ಎಂಬ ಅಣ್ಣತಮ್ಮಂದಿರು ತಮ್ಮ ಮನೆಯಲ್ಲೇ ಹದ್ದುಗಳ ಶುಶ್ರೂಷೆಗೆ ನಿಂತರು. ಹೊಟ್ಟೆಪಾಡಿಗೆ ಸೋಪಿನ ಡಿಸ್ಪೆನ್ಸರ್ ತಯಾರಿಕೆ. ಉಳಿದ ಹೊತ್ತು ಹದ್ದುಗಳ ರೆಕ್ಕೆಗೆ ಹೊಲಿಗೆ. ಅವರನ್ನು ಕುರಿತು ಶೌನಕ್ ಸೇನ್ 2022ರಲ್ಲಿ ತೆಗೆದ ‘ಆಲ್ ದಟ್ ಬ್ರೀದ್ಸ್’ ಸಾಕ್ಷ್ಯಚಿತ್ರ ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. 2023ರಲ್ಲಿ ಆಸ್ಕರ್ ನಾಮನಿರ್ದೇಶನವನ್ನೂ ಪಡೆಯಿತು. ದಯೆಗೆ ಹಲವು ಮನೆಗಳು ಬೇಕು. ಒಂದು ಮನೆಯಲ್ಲಿ ಕಾಳು, ಇನ್ನೊಂದರಲ್ಲಿ ಮಾಂಸ.

ಇದನ್ನು ನಮ್ಮ ಅತ್ತೆಯವರಿಗೆ ಒಪ್ಪಿಸುವುದು ಮಾತ್ರ ನನ್ನಿಂದಾಗಲಿಲ್ಲ. ಅವರು ಗದಗದ ಕಡೆಯವರು, ಎಂಬತ್ತು ದಾಟಿದವರು. ಒಂದು ಸಂಜೆ ನಾನು ಸ್ನಾನ ಮುಗಿಸಿ ಬಂದಾಗ ಜಪದ ಸರ ಪಕ್ಕಕ್ಕಿಟ್ಟು ಕೇಳಿದರು:

‘ಏನವಾ, ಒಂದ್ ಜೀವಾ ಉಳಸಾಕ ದಿನಾ ಎರಡ್ ಜೀವಾ ತಗೀತೀರಿ. ಇದೆಂಥಾ ಪುಣ್ಯಾ ನಿಮ್ದು?’

‘ಪುಣ್ಯಾ ಅಂತ ಮಾಡಾಕತ್ತಿಲ್ರೀ ಅತ್ತಿ’ ಎಂದೆ. ‘ಮನಷ್ಯಾರು ಹಾರಿಸಿದ ದಾರದಾಗ ಸಿಕ್ಕು ಬಿದ್ದೈತಿ. ಮನಷ್ಯಾರ ಬಿಡಿಸಬೇಕಲ್ರಿ.’

‘ಮತ್ತ ಇಲಿ?’

ಆ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಹೊರಗೆ ಇದ್ದಿದ್ದರೆ ಗೂಬೆ ಒಂದು ರಾತ್ರಿಗೆ ಎರಡು ಮೂರು ಇಲಿ ಹಿಡಿಯುತ್ತಲೇ ಇತ್ತು, ರೈತನ ಕಣಜಕ್ಕೆ ಅದರಿಂದ ಲಾಭವೇ ಆಗುತ್ತಿತ್ತು ಎಂದೆಲ್ಲ ಹೇಳಬಹುದು. ಅದು ಗೂಬೆಯ ಪರವಾದ ವಾದ, ಇಲಿಗೆ ಕೊಟ್ಟ ಸಮಾಧಾನವಲ್ಲ. ಒಂದು ಹಕ್ಕಿಯನ್ನು ಉಳಿಸಲು ಹೊರಟವರು ಅದು ಏನು ತಿನ್ನುತ್ತದೋ ಅದನ್ನೂ ಒಪ್ಪಿಕೊಂಡೇ ಹೊರಡಬೇಕು. ಒಪ್ಪಲಾಗದವರು ಗಿಳಿ, ಪಾರಿವಾಳಗಳ ಆರೈಕೆ ಮಾಡಲಿ. ಅದರಲ್ಲೂ ಕೊರತೆಯಿಲ್ಲದಷ್ಟು ಕೆಲಸವಿದೆ.

ಇದಕ್ಕಿಂತ ಕಷ್ಟದ ಪ್ರಶ್ನೆಯನ್ನು ತಂದದ್ದು ನಮ್ಮ ದಾಖಲೆ ಪುಸ್ತಕದ 17ನೆಯ ನಂಬರು. ನಮ್ಮಲ್ಲಿ ಹಕ್ಕಿಗಳಿಗೆ ಹೆಸರಿಡುವುದಿಲ್ಲ. ಹೆಸರಿಟ್ಟರೆ ಬಿಡಲು ಮನಸ್ಸು ಬಾರದು. 17 ಎಂಬುದು ಒಂದು ಕಣಜ ಗೂಬೆ. ಹೃದಯದಾಕಾರದ ಬಿಳಿಯ ಮುಖ, ಬಂಗಾರದ ಬಣ್ಣದ ಬೆನ್ನು. ಇರುಳೆಲ್ಲ ಮಾಂಜಾದಲ್ಲಿ ನೇತಾಡಿ ಎಡರೆಕ್ಕೆಯ ಕೀಲಿನ ಸ್ನಾಯು ಕತ್ತರಿಸಿಹೋಗಿತ್ತು. ಗಾಯ ಮಾಯಿತು, ಕೀಲು ಮಾತ್ರ ಸೆಟೆದೇ ಉಳಿಯಿತು. ಗೂಬೆಯ ಗರಿಯಂಚಿನಲ್ಲಿ ಬಾಚಣಿಗೆಯಂಥ ಎಳೆಗಳಿವೆ; ಅದರಿಂದಲೇ ಅದು ಸದ್ದಿಲ್ಲದೆ ಹಾರುತ್ತದೆ. ಒಂದು ಕಿವಿ ಮೇಲೆ, ಒಂದು ಕಿವಿ ಕೆಳಗೆ ಇರುವುದರಿಂದ ಕಗ್ಗತ್ತಲಲ್ಲೂ ಇಲಿಯ ಸದ್ದು ಎಲ್ಲಿಂದ ಬಂತೆಂದು ಕರಾರುವಾಕ್ಕಾಗಿ ಅಳೆಯುತ್ತದೆ. ಇಷ್ಟೆಲ್ಲ ಸಲಕರಣೆ ಹೊತ್ತು, ಹಾರಲಾಗದೆ, ನಾಲ್ಕಡಿ ಎತ್ತರದ ಕೋಲಿನ ಮೇಲೆ ಅದು ಕೂತಿರುವುದನ್ನು ನೋಡುವುದು ಸಂಕಟ.

ನೋವಿಲ್ಲದಂತೆ ಶಾಶ್ವತವಾಗಿ ಮಲಗಿಸುವುದೇ ಕರುಣೆ ಎಂದರು ನಮ್ಮಲ್ಲಿ ಕೆಲವರು. ಕೊಲ್ಲುವುದಕ್ಕೆ ನಾವು ಬಂದಿಲ್ಲ ಎಂದರು ಕೆಲವರು. ಎರಡು ಗಂಟೆ ಚರ್ಚೆ ನಡೆಯಿತು. ಒಂದಿಬ್ಬರ ಕಣ್ಣಲ್ಲಿ ನೀರೂ ಬಂತು. ಕೊನೆಗೆ ವೈದ್ಯರು ನಮ್ಮ ಅಭಿಪ್ರಾಯಗಳನ್ನೆಲ್ಲ ಬದಿಗಿಟ್ಟು ಮೂರೇ ಪ್ರಶ್ನೆ ಕೇಳಿದರು. ಅದಕ್ಕೆ ನೋವಿದೆಯೇ? ತಾನಾಗಿ ತಿನ್ನುತ್ತಿದೆಯೇ? ಪಂಜರದ ಜಾಲರಿಗೆ ಬಡಿದುಕೊಳ್ಳುತ್ತಿದೆಯೇ? ನೋವಿರಲಿಲ್ಲ, ತಿನ್ನುತ್ತಿತ್ತು, ಬಡಿದುಕೊಳ್ಳುತ್ತಿರಲಿಲ್ಲ. ಹಾಗಾದರೆ ಇರಲಿ, ಇಲಾಖೆಗೆ ಬರೆದು ತಿಳಿಸೋಣ ಎಂದರು. ಈ ಮೂರು ಪ್ರಶ್ನೆಗಳಿಗೆ ಬೇರೆ ಉತ್ತರ ಬಂದ ಹಕ್ಕಿಗಳೂ ಇವೆ. ಅವನ್ನು ಮಲಗಿಸುವಾಗ ಟವೆಲ್ಲಿನಲ್ಲಿ ಹಿಡಿದುಕೊಂಡಿರುವ ಕೆಲಸ ಸರದಿಯ ಮೇಲೆ ನಮಗೆಲ್ಲ ಬರುತ್ತದೆ.

ಆ ವರ್ಷವೇ ಒಂದು ಕಟ್ಟಡದ ಡಕ್ಟ್ ರಿಪೇರಿ ಮಾಡುವಾಗ ಕಣಜ ಗೂಬೆಯ ನಾಲ್ಕು ಮರಿಗಳು ಸಿಕ್ಕವು. ಗೂಡಿದ್ದ ಜಾಗ ಆಗಲೇ ಒಡೆದುಹೋಗಿತ್ತು. ಕಾದು ನೋಡಿದರೂ ತಾಯಿತಂದೆ ಬರಲಿಲ್ಲ. ಮನುಷ್ಯರ ಕೈಯಿಂದಲೇ ತಿಂದು ಬೆಳೆದ ಮರಿ ಮನುಷ್ಯರನ್ನೇ ತನ್ನ ಜಾತಿ ಎಂದು ತಿಳಿಯುತ್ತದೆ. ಅಂಥದ್ದು ಹೊರಗೆ ಹೋದರೆ ಬದುಕದು. ನಂಬಿಕೆಯಿಂದ ಯಾರದೋ ಹೆಗಲ ಮೇಲೆ ಇಳಿಯುತ್ತದೆ, ಅಪಶಕುನವೆಂದು ಆತ ಕೋಲೆತ್ತುತ್ತಾನೆ. ಅದಕ್ಕೇ ತೋಳಿನ ಮೇಲೆ ಕೂರಿಸಿಕೊಳ್ಳುವುದಿಲ್ಲ ಎಂದದ್ದು. ಹಾರಲಾಗದ ಹಿರಿಯ ಗೂಬೆಯ ಬಳಿ ಮರಿಗಳನ್ನು ಬಿಟ್ಟು ಸಾಕಿಸುವ ಪದ್ಧತಿ ಬೇರೆ ಕಡೆ ಇದೆ, ನಾವೂ ಪ್ರಯತ್ನಿಸಿದೆವು. ಎರಡು ರಾತ್ರಿ 17 ಮೂಲೆಯಲ್ಲಿ ಬೆನ್ನು ತಿರುಗಿಸಿ ಕೂತಿತ್ತು. ಮೂರನೆಯ ರಾತ್ರಿ, ಮರಿಗಳು ಬುಸುಗುಡುತ್ತಿದ್ದಾಗ, ತಟ್ಟೆಯಿಂದ ಇಲಿಯನ್ನೆತ್ತಿ ಅತಿ ಚಿಕ್ಕ ಮರಿಯ ಮುಂದಿಟ್ಟಿತು. ರಂಧ್ರದಿಂದ ನೋಡುತ್ತಿದ್ದ ಕಾಲೇಜು ಹುಡುಗ ನನಗೆ ಫೋನು ಮಾಡಿದಾಗ ರಾತ್ರಿ ಎರಡು ಗಂಟೆ. ಫೋನಿನ ಸದ್ದಿಗೆ ಎದ್ದ ಅತ್ತೆಯವರು, ‘ಯಾರಿಗೆ ಏನಾತು?’ ಎಂದು ಗಾಬರಿಯಾದರು. ಹೇಳಿದೆ. ‘ಉಣಿಸ್ತೇನು?’ ಎಂದು ಎರಡು ಸಲ ಕೇಳಿ ಮಲಗಿದರು.

ನಾಲ್ಕರಲ್ಲಿ ಒಂದು ಮರಿ ಉಳಿಯಲಿಲ್ಲ. ಮೂರು ಬಲಿತವು. ಒಂದು ಸಂಜೆ ಜಾಲರಿ ಮನೆಯ ಕಿಂಡಿ ತೆರೆದಿಟ್ಟೆವು. ಹೊರಗೆ ಬೇಟೆ ಕಲಿಯುವ ತನಕ ಹಸಿವಾಗಬಾರದೆಂದು ದಿನವೂ ಕಿಂಡಿಯ ಹಲಗೆಯ ಮೇಲೆ ಆಹಾರ ಇಡುತ್ತಿದ್ದೆವು. ಒಂಬತ್ತು ದಿನ ಖಾಲಿಯಾಗುತ್ತಿತ್ತು. ಹತ್ತನೆಯ ದಿನ ಇಟ್ಟದ್ದು ಇಟ್ಟಂತೆಯೇ ಇತ್ತು. ನಮ್ಮ ಕೆಲಸದಲ್ಲಿ ಧನ್ಯವಾದ ಸಿಗುವುದು ಹೀಗೆ, ಮುಟ್ಟದೆ ಬಿಟ್ಟ ಊಟದ ರೂಪದಲ್ಲಿ.

ಕಾಲ ಬದಲಾಗುತ್ತಿಲ್ಲ ಎನ್ನಲಾರೆ. ಪುಣೆ ಜಿಲ್ಲೆಯ ಪಿಂಗೋರಿ ಎಂಬ ಹಳ್ಳಿಯಲ್ಲಿ ಇಳಾ ಫೌಂಡೇಶನ್ನಿನವರು 2018ರಲ್ಲಿ ಗೂಬೆಗಳ ಹಬ್ಬವನ್ನೇ ನಡೆಸಿದರು. ನಮ್ಮ ಉತ್ತರ ಕರ್ನಾಟಕದಲ್ಲಿ ಹಾಲಕ್ಕಿ ಎಂದು ಕರೆಯುವ ಚುಕ್ಕೆಗೂಬೆಯನ್ನು ಮರಾಠಿಯಲ್ಲಿ ಪಿಂಗಳಾ ಎನ್ನುತ್ತಾರೆ. ಹಾಲಕ್ಕಿಯ ನುಡಿ ಕೇಳಿ ಬಂದೆನೆಂದು ನಸುಕಿನಲ್ಲಿ ಬುಡಬುಡಿಕೆಯವ ನಮ್ಮ ಬಾಗಿಲಿಗೆ ಬರುತ್ತಿದ್ದಂತೆ, ಇಲ್ಲಿ ಪಿಂಗಳಾ ಜೋಶಿ ಬರುತ್ತಿದ್ದನಂತೆ. ಅತ್ತೆಯವರೇ ಒಮ್ಮೆ, ‘ನಮ್ಮೂರಾಗ ಹಾಲಕ್ಕಿಗೆ ಯಾರೂ ಕಲ್ಲು ಒಗೀತಿದ್ದಿಲ್ಲ, ನುಡದ್ರ ಕೈಮುಗೀತಿದ್ವಿ’ ಎಂದರು. ಹೆದರಿಕೆಯ ಜೊತೆಗೇ ಗೌರವವೂ ನಮ್ಮಲ್ಲಿತ್ತು. ಊರು ಬಿಟ್ಟು ಬರುವಾಗ ಹೆದರಿಕೆಯನ್ನಷ್ಟೇ ಕಟ್ಟಿಕೊಂಡು ಬಂದಂತಿದೆ.

ನಿಮ್ಮ ಬಾಲ್ಕನಿಯಲ್ಲಿ ಗಾಯಗೊಂಡ ಗೂಬೆ ಕಂಡರೆ ಹೀಗೆ ಮಾಡಿ. ದಪ್ಪ ಟವೆಲ್ಲೊಂದನ್ನು ಮೆಲ್ಲನೆ ಮೇಲೆ ಹೊದಿಸಿ ಹಿಡಿಯಿರಿ. ಉಗುರುಗಳು ಹರಿತ, ಜೋಪಾನ. ಗಾಳಿಗೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ, ಕತ್ತಲಿನ, ಸದ್ದಿಲ್ಲದ ಕೋಣೆಯಲ್ಲಿಡಿ. ಆಹಾರ, ನೀರು ಬೇಡ. ದಾರ ಸುತ್ತಿದ್ದರೆ ಎಳೆಯಬೇಡಿ. ಅರಣ್ಯ ಇಲಾಖೆಗೆ ತಿಳಿಸಿ. ಮಹಾರಾಷ್ಟ್ರದಲ್ಲಿ ದೂರವಾಣಿ ಸಂಖ್ಯೆ 1926. ಮನೆಯಲ್ಲೇ ಸಾಕೋಣ ಎಂಬ ಆಸೆ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದು ಅಪರಾಧ. ನಮ್ಮ ಎಷ್ಟೋ ಮನೆಗಳಲ್ಲಿ ಪಂಜರದಲ್ಲಿರುವ ನಮ್ಮ ನಾಡಿನ ಗಿಳಿಗೂ ಇದೇ ಮಾತು ಅನ್ವಯಿಸುತ್ತದೆ.

ಮಕ್ಕಳನ್ನು ಕರೆದುಕೊಂಡು ಗೂಬೆ ನೋಡಲು ಬರಬಹುದೇ ಎಂದು ಹಲವರು ಕೇಳುತ್ತೀರಿ. ಬೇಡವೆಂದಾಗ ಸೊಕ್ಕು ಎಂದುಕೊಳ್ಳಬೇಡಿ. ಹೊಸ ಮುಖ ಕಂಡಷ್ಟೂ ಅವಕ್ಕೆ ದಿಗಿಲು. ಆದರೆ ನಿಮ್ಮ ಹಳೆಯ ಟವೆಲ್ಲುಗಳನ್ನು ತನ್ನಿ. ಸಂಕ್ರಾಂತಿಯ ಮರುದಿನ ನಿಮ್ಮ ಬೀದಿಯ ಮರಗಳಲ್ಲಿರುವ ದಾರ ಬಿಡಿಸಲು ಹುಡುಗರನ್ನು ಕೂಡಿಸಿ. ಭಾನುವಾರ ಬೆಳಿಗ್ಗೆ ಒಂದು ಗಂಟೆ ಪಂಜರ ತೊಳೆಯಲು ಬನ್ನಿ. ನಮ್ಮಲ್ಲಿ ನೋಡಲು ಹೆಚ್ಚೇನೂ ಇಲ್ಲ, ಮಾಡಲು ಬೇಕಾದಷ್ಟಿದೆ.