ಮೂವತ್ತನಾಲ್ಕು ಮಿಲಿಮೀಟರ್

ನಮ್ಮ ಹಳೇ ಜೀಪಿಗೆ ಹ್ಯಾಂಡ್‌ಬ್ರೇಕ್ ಇರಲಿಲ್ಲ. ಅದರ ಬದಲು ನಾನಿದ್ದೆ. ಮೂಡಿಗೆರೆ ಸಂತೆ ಮುಗಿಸಿ ಬರುವಾಗ ತೋಟದ ಏರಿನಲ್ಲಿ ಜೀಪು ಉಸಿರು ಕಟ್ಟಿ ನಿಂತಿತೆಂದರೆ ಅಪ್ಪ ಹಿಂದೆ ತಿರುಗದೆ ‘ಕಲ್ಲು!’ ಎಂದು ಕೂಗುತ್ತಿದ್ದರು. ಕಾಲಬುಡದಲ್ಲಿ ಸದಾ ಇಟ್ಟುಕೊಂಡಿರುತ್ತಿದ್ದ ಕಾಡುಗಲ್ಲನ್ನು ಎತ್ತಿಕೊಂಡು ನಾನು ಹಿಂದಿನಿಂದ ಹಾರಬೇಕು, ಚಕ್ರಕ್ಕೆ ಒತ್ತು ಕೊಡಬೇಕು, ಜೀಪು ಮತ್ತೆ ಹೊರಟ ಮೇಲೆ ಅದೇ ಕಲ್ಲನ್ನು ಎತ್ತಿಕೊಂಡು ಹಿಂದೆ ಓಡಬೇಕು. ಕಲ್ಲು ಬಿಟ್ಟು ನಾನೊಬ್ಬನೇ ಹತ್ತಿದರೆ ಬೈಗುಳ ಬೀಳುತ್ತಿತ್ತು. ನನ್ನನ್ನು ಬಿಟ್ಟು ಕಲ್ಲೊಂದೇ ಹತ್ತಿದ್ದರೆ ಬೈಯುತ್ತಿದ್ದರೋ ಇಲ್ಲವೋ, ಅದು ನನಗೆ ಇಂದಿಗೂ ಅನುಮಾನ.

ಈ ಉದ್ಯೋಗದಿಂದಾಗಿ ಟೈರನ್ನು ನೋಡಿದಷ್ಟು ಹತ್ತಿರದಿಂದ ನಾನು ಪಠ್ಯಪುಸ್ತಕವನ್ನು ನೋಡಿದವನಲ್ಲ. ಅದರ ಪಕ್ಕೆಯ ಮೇಲೆ 6.00-16 ಎಂದು ಉಬ್ಬಕ್ಷರದಲ್ಲಿ ಬರೆದಿತ್ತು. ಬೆಳಿಗ್ಗೆ ಆರು ಗಂಟೆಗೆ ಹದಿನಾರು ಜನ ಎಂದು ಓದಿಕೊಂಡಿದ್ದೆ. ನಮ್ಮ ಜೀಪಿನ ಮಟ್ಟಿಗೆ ಅದು ತಪ್ಪೂ ಆಗಿರಲಿಲ್ಲ. ಆರು ಅಂಗುಲ ಅಗಲದ ಟೈರು, ಹದಿನಾರು ಅಂಗುಲದ ರಿಮ್ಮು ಎಂಬ ಅರ್ಥ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪು ಓಡಿದ್ದು ಇದೇ ಅಳತೆಯ ಮೇಲೆ. 1947ರಲ್ಲಿ ಮುಂಬೈಯಲ್ಲಿ ಮಹೀಂದ್ರದವರು ಆ ಜೀಪನ್ನು ಜೋಡಿಸಲು ಶುರುಮಾಡಿದ ಮೇಲೆ ಅಳತೆಯೂ ಜತೆಗೆ ಬಂತು. ಯುದ್ಧಕ್ಕೆ ಹೊರಟ ಟೈರು ಕೊನೆಗೆ ನಮ್ಮ ಗೊಬ್ಬರದ ಚೀಲ ಹೊತ್ತಿತು.

ತೆಳು ಟೈರಿನ ಬಗ್ಗೆ ಅಪ್ಪನಿಗೆ ಒಂದು ಸಿದ್ಧಾಂತವಿತ್ತು. ‘ಕೆಸರಿನ ಮೇಲೆ ತೇಲ್ತೀನಿ ಅಂತ ಹೋಗಬಾರದು ಮಾರಾಯ, ಅಡಿಗೆ ಇಳೀಬೇಕು. ಎಲ್ಲೋ ಒಂದು ಕಡೆ ಗಟ್ಟಿ ನೆಲ ಸಿಕ್ಕೇ ಸಿಗ್ತದೆ.’ ಎತ್ತಿನಗಾಡಿಯ ಚಕ್ರ ಕೆಸರನ್ನು ಕೊಯ್ದುಕೊಂಡು ಹೋಗುವುದನ್ನು ನೋಡಿ ಕಲಿತದ್ದಿರಬೇಕು. ಗಟ್ಟಿ ನೆಲ ಸಿಗದ ಆಷಾಢದ ದಿನಗಳಿಗೆ ಬೇರೆ ಉಪಾಯವಿತ್ತು: ಹಿಂಚಕ್ರಗಳಿಗೆ ಚೈನು. ಆರಿದ್ರಾ ಮಳೆ ಹಿಡಿಯಿತೆಂದರೆ ಅಪ್ಪ ಕಂಬಳಿಕೊಪ್ಪೆ ಹೊದ್ದು, ಒದ್ದೆ ನೆಲದಲ್ಲಿ ಕುಕ್ಕುರುಗಾಲಲ್ಲಿ ಕೂತು ಟೈರಿಗೆ ಸರಪಳಿ ಸುತ್ತುತ್ತಿದ್ದರು. ಮಗುವಿಗೆ ಉಡಿದಾರ ಕಟ್ಟುವವರ ಗಮನ ಅದರಲ್ಲಿತ್ತು. ಕೊಂಡಿ ಸಿಕ್ಕಿಸಿದ ಮೇಲೆ ಟೈರಿನ ಬೆನ್ನು ಒಮ್ಮೆ ತಟ್ಟುವರು. ನಮ್ಮ ಬೆನ್ನು ಅವರು ಅಷ್ಟು ಮೆತ್ತಗೆ ತಟ್ಟಿದ ನೆನಪಿಲ್ಲ.

ಆ ಜೀಪು ಹಲಸಿನ ಮರದಡಿ ತುಕ್ಕು ಹಿಡಿಯುತ್ತಾ ನಿಂತ ಎಷ್ಟೋ ಕಾಲದ ಮೇಲೆ ನಾನೊಂದು ಥಾರ್ ತಂದೆ. ಅದರ ಟೈರಿನ ಮೇಲೆ 235/70 R16 ಎಂದಿತ್ತು. ಈ ಬರಹದಷ್ಟು ವಿಚಿತ್ರವಾದ ಕೂಡುಕುಟುಂಬವನ್ನು ನಾನು ಕಂಡಿಲ್ಲ. ಮೊದಲನೆಯದು ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಪಕ್ಕೆಯ ಎತ್ತರ, ಅಗಲದ ಶೇಕಡಾ ಲೆಕ್ಕದಲ್ಲಿ. ಕೊನೆಯದು ರಿಮ್ಮು, ಅದು ಅಂಗುಲ ಬಿಟ್ಟು ಅಲ್ಲಾಡುವುದಿಲ್ಲ. ಮೊಮ್ಮಗ ಮೀಟರಿನಲ್ಲಿ, ಮಗ ಪರ್ಸೆಂಟಿನಲ್ಲಿ, ಅಜ್ಜ ಅಂಗುಲದಲ್ಲಿ ಮಾತಾಡುತ್ತ ಒಂದೇ ಸೂರಿನಡಿ ಇದ್ದಂತೆ. ಲೆಕ್ಕ ಹಾಕಿದರೆ ಟೈರಿನ ಒಟ್ಟು ಎತ್ತರ 735 ಮಿಲಿಮೀಟರ್, ಅಂದರೆ 29 ಅಂಗುಲಕ್ಕೆ ಕೂದಲೆಳೆ ಕಡಿಮೆ. ಅಪ್ಪನ ತೆಳು ಟೈರೂ ಹೆಚ್ಚುಕಡಿಮೆ ಅಷ್ಟೇ ಎತ್ತರದ್ದು. ಇಷ್ಟು ದುಡ್ಡು ಸುರಿದು ನಾನು ಬಂದು ನಿಂತದ್ದು ಅಪ್ಪನ ಎತ್ತರಕ್ಕೇ ಎಂಬುದು ಯಾಕೋ ಮನಸ್ಸಿಗೆ ಒಪ್ಪಲಿಲ್ಲ.

ಅದೇ ಹೊತ್ತಿಗೆ ದೇವರಮನೆ ಗುಡ್ಡದ ಕಡೆ ಹೋಂಸ್ಟೇ ಹುಡುಗರ ಜೀಪುಗಳು ಓಡಾಡಲು ಶುರುವಾದವು. ಟೈರುಗಳೋ, ಒಂದೊಂದೂ ಬಾಣಲೆಯಲ್ಲಿ ಉಬ್ಬಿದ ಕಜ್ಜಾಯದ ಹಾಗೆ ಮಡ್‌ಗಾರ್ಡಿನಿಂದ ಆಚೆ ಇಣುಕುತ್ತಿದ್ದವು. ಅವುಗಳ ಪಕ್ಕದಲ್ಲಿ ನನ್ನ ಥಾರ್ ಒದ್ದೆಯಾದ ಬೆಕ್ಕಿನಂತೆ ಕಾಣತೊಡಗಿತು. ರಾತ್ರಿ ಊಟವಾದ ಮೇಲೆ ಹಳೇ ಕೂಲಿಪುಸ್ತಕದ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. 265/75 R16 ಹಾಕಿದರೆ ಎತ್ತರ 804 ಮಿಲಿಮೀಟರ್. ಅಂದರೆ 69 ಹೆಚ್ಚು. ಆದರೆ ಚಕ್ರದ ನಡು ಏರುವುದು ಅದರ ಅರ್ಧ ಮಾತ್ರ, ಉಳಿದರ್ಧ ಮೇಲೆ ಮಡ್‌ಗಾರ್ಡಿನ ಕಡೆಗೆ ಹೋಗುತ್ತದೆ. ಹೊಟ್ಟೆಯಡಿಯ ಕಲ್ಲಿಗೂ ಜೀಪಿಗೂ ನಡುವೆ ನನಗೆ ದಕ್ಕುವುದು 34 ಮಿಲಿಮೀಟರ್. ಎರಡು ಬೆರಳು ಜೋಡಿಸಿ ಹಿಡಿದು ನೋಡಿದೆ. ಎರಡು ಬೆರಳಿಗೆ ಆ ವರ್ಷದ ಮೆಣಸಿನ ದುಡ್ಡು.

ಪಂಕ್ಚರ್ ಅಂಗಡಿಯ ಕಾಕಾನಿಗೆ ಲೆಕ್ಕ ತೋರಿಸಿದೆ. ಅವರು ಕನ್ನಡಕ ಏರಿಸಿ, ನನ್ನನ್ನೊಮ್ಮೆ ಟೈರನ್ನೊಮ್ಮೆ ನೋಡಿ, ‘ಹಾಕ್ಬಹುದು ಮಾರಾಯ್ರೆ, ಆದ್ರೆ ಅದಕ್ಕಿಂತ ಸ್ವಲ್ಪ ಗಾಳಿ ಇಳಿಸಿ ಹೋಗಿ. ಗಾಳಿ ಇಳಿಸಿದ್ರೆ ಟೈರು ಅಂಗಾಲು ಊರ್ತದೆ, ಕೆಸರಲ್ಲಿ ಹಿಡೀತದೆ. ಮನೆಗೆ ಬಂದು ಮತ್ತೆ ಹೊಡ್ಸಿ’ ಎಂದರು. ಮಾತು ನೂರಕ್ಕೆ ನೂರು ಸರಿ. ಆದರೆ ಬಿಟ್ಟಿ ಸಿಗುವ ಬುದ್ಧಿಯನ್ನು ನಮ್ಮ ಮನೆತನದಲ್ಲಿ ಯಾರೂ ತೆಗೆದುಕೊಂಡ ದಾಖಲೆ ಇಲ್ಲ.

ಹೊಸ ಟೈರು ಬಂದವು. ಮೊದಲ ವಾರ ನಾನು ಜೀಪನ್ನು ಓಡಿಸಿದ್ದಕ್ಕಿಂತ ಅದರ ಸುತ್ತ ನಡೆದದ್ದೇ ಹೆಚ್ಚು. ಎರಡನೇ ವಾರದಿಂದ ಒಂದೊಂದೇ ಬಾಬತ್ತು ಹೊರಬಿತ್ತು. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಟೈರು ಒಳಗೆಲ್ಲೋ ಒರೆಸಿ, ಕಡೆಯುವ ಕಲ್ಲಿನಂತೆ ಗೊರಗುಟ್ಟುತ್ತಿತ್ತು. ಡಾಂಬರು ರಸ್ತೆಗೆ ಬಂದರೆ ದಪ್ಪ ಗುಬಟುಗಳ ಒಂದೇ ಶ್ರುತಿಯ ಗುಂಯ್. ಏರಿನಲ್ಲಿ ಕ್ಲಚ್ಚು ವಾಸನೆ ಬಂದು, ಎರಡನೇ ಗೇರಿನ ಕೆಲಸಕ್ಕೆಲ್ಲ ಒಂದನೇ ಗೇರು ಬರಬೇಕಾಯಿತು. ಸ್ಟೆಪ್ನಿಯೂ ಅದೇ ಗಾತ್ರದ್ದು ಬೇಕು, ಫೋರ್‌ವೀಲ್ ಗಾಡಿಗೆ ಒಂದು ಕಾಲು ಗಿಡ್ಡ ಒಂದು ಕಾಲು ಉದ್ದವಾದರೆ ಒಳಗಿನ ಹಲ್ಲುಗಳು ಸವೆಯುತ್ತವೆ. ಐದನೆಯದನ್ನು ನೇತುಹಾಕಿದ ಮೇಲೆ ಹಿಂಬಾಗಿಲು ತೆಗೆದಾಗಲೆಲ್ಲ ನರಳತೊಡಗಿತು. ಕಂಪನಿ ಕೊಟ್ಟ ರೂಪ ಬದಲಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆಂದು ವಕೀಲಿ ಓದಿದ ಭಾವ ಊಟದ ನಡುವೆ ನೆನಪಿಸಿದರು. ಹೋಳಿಗೆ ಗಂಟಲಲ್ಲಿ ನಿಂತಿತು.

ಎಲ್ಲಕ್ಕಿಂತ ತಮಾಷೆಯದು ಮೀಟರಿನ ಕತೆ. ದೊಡ್ಡ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಮೀಟರಿಗೆ ಅದು ತಿಳಿಯದು. ಮುಳ್ಳು 60 ತೋರಿಸುವಾಗ ನಾವು 65ರ ಮೇಲಿರುತ್ತೇವೆ. 109 ಕಿಲೋಮೀಟರ್ ನಡೆದು ಬಂದರೂ ಅದು 100 ಎಂದು ಬರೆದುಕೊಳ್ಳುತ್ತದೆ. ನೆಂಟರಮನೆಯ ಮದುವೆಗಳಲ್ಲಿ ವಯಸ್ಸು ಹೇಳುವ ಅತ್ತೆಯಂದಿರ ನೆನಪಾಯಿತು. ನಡೆದ ದೂರವನ್ನು ಕಡಿಮೆ ಹೇಳಿಕೊಳ್ಳುವ ಮರ್ಯಾದೆ ಯಂತ್ರಕ್ಕೂ ಇದೆಯಲ್ಲ ಎಂದು ಅದರ ಮೇಲೆ ಸ್ವಲ್ಪ ಪ್ರೀತಿಯೇ ಬಂತು.

ಅಪ್ಪ ಟೈರಿನ ಬಗ್ಗೆ ಏನೂ ಹೇಳಲಿಲ್ಲ. ‘ಜೋರುಂಟು’ ಎಂದರು, ಅಷ್ಟೇ. ಆದರೆ ಆ ಮಳೆಗಾಲದಲ್ಲಿ ತೋಟಕ್ಕೆ ಹೊರಟಾಗಲೆಲ್ಲ, ‘ನೀನು ಗಾಡೀಲಿ ಬಾ, ನಾನು ನಡೀತೀನಿ. ಕಾಲಿಗೂ ಒಳ್ಳೇದು’ ಎನ್ನತೊಡಗಿದರು. ಮೂರು ತಿಂಗಳು ನಾನದನ್ನು ನಂಬಿದೆ. ಒಂದು ದಿನ ಹೆಬ್ಬಾಗಿಲಲ್ಲಿ ನಿಂತು ಗಮ್‌ಬೂಟು ಏರಿಸುವಾಗ ಕಂಡಿತು: ಅಪ್ಪ ಜೀಪಿನ ಬಾಗಿಲು ತೆಗೆದು ಹಿಡಿಕೆ ಹಿಡಿದಿದ್ದರು. ಬಲಗಾಲು ಎತ್ತಿದರು. ಪಾದ ಒಳಗಿನ ಅಂಚಿಗೆ ತಾಗಿತು, ಮೇಲೇರಲಿಲ್ಲ. ಕೆಳಗಿಟ್ಟರು. ಸುತ್ತ ಒಮ್ಮೆ ನೋಡಿ, ಬಾಗಿಲನ್ನು ಸದ್ದಾಗದಂತೆ ಮುಚ್ಚಿ, ಟೈರಿನ ಬೆನ್ನು ಒಮ್ಮೆ ತಟ್ಟಿದರು. ನಾನು ಗಮ್‌ಬೂಟು ಬಿಚ್ಚಿ ಮತ್ತೆ ಹಾಕಿಕೊಂಡೆ.

ಹಳೇ ಟೈರುಗಳನ್ನು ಗೋಡೌನಿನಲ್ಲಿ ಪೇರಿಸಿಟ್ಟಿದ್ದೆ. ಅವತ್ತೇ ಹಾಕಿಸೋಣವೆಂದು ಹೋದರೆ ಮೇಲಿನ ಟೈರಿನ ಗುಳಿಯಲ್ಲಿ ಹೇಂಟೆಯೊಂದು ಕಾವಿಗೆ ಕೂತಿತ್ತು. ಎತ್ತಲು ಕೈ ಹಾಕಿದ್ದಕ್ಕೆ ಅಪ್ಪನೇ, ‘ಬೇಡ ಕಣೋ, ಮೊನ್ನೆ ಕೂತದ್ದು. 21 ದಿನ ಆಗ್ಲಿ. ಎಂತ ಅವಸರ?’ ಎಂದರು. ಅಲ್ಲಿಯವರೆಗೆ ಅವರು ಕೊಡೆ ಹಿಡಿದು ನಡೆದರು. ಏಳು ಮರಿಗಳಾದವು.

ಕಾಕಾ ಐದೂ ಟೈರು ಬದಲಿಸಿ, ಹಣ ತೆಗೆದುಕೊಳ್ಳುವಾಗ ಏನನ್ನೂ ಕೇಳದ ದೊಡ್ಡತನ ತೋರಿದರು. ಜೀಪು ಅಂಗಳಕ್ಕೆ ಬಂದಾಗ ಎರಡು ಬೆರಳು ತಗ್ಗಿದ್ದು ನನಗೆ ಮಾತ್ರ ಕಾಣುವಂತಿತ್ತು. ನಾನೇ ಬಾಗಿಲು ತೆಗೆದು ನಿಂತೆ. ಅಪ್ಪ ಹಿಡಿಕೆ ಹಿಡಿದು ಕಾಲೆತ್ತಿದರು. ಅದೇ ಅಂಚಿಗೆ ಪಾದ ಬಂದು ತಾಗಿತು. ಇನ್ನೊಮ್ಮೆ ಎತ್ತಿದರು. ನಾನು ಮೊಣಕೈಗೆ ಕೈ ಕೊಡಲು ಹೋದೆ.

‘ಟೈರಿಂದಲ್ಲ ಮಾರಾಯ,’ ಎಂದು ನಕ್ಕರು. ಕೊಡೆ ಬಿಚ್ಚಿದರು. ‘ನೀನು ನಿಧಾನಕ್ಕೆ ಬಾ.’

ನಾನು ಲೋ ಗೇರು ಹಾಕಿ ಹಿಂದೆ ಹೊರಟೆ. ಏರಿನಲ್ಲಿ ಅಪ್ಪ ಒಂದು ಕಡೆ ನಿಂತು, ದಾರಿಗೆ ಉರುಳಿ ಬಿದ್ದಿದ್ದ ಕಲ್ಲೊಂದನ್ನು ಕೊಡೆಯ ತುದಿಯಿಂದ ಬದಿಗೆ ಸರಿಸಿ ಮತ್ತೆ ನಡೆದರು. ಮೀಟರು ಈಗ ಸರಿಯಾಗಿಯೇ ತೋರಿಸುತ್ತಿತ್ತು. ಮುಳ್ಳು ಸೊನ್ನೆ ಬಿಟ್ಟು ಕದಲಲಿಲ್ಲ.