ಕಿತ್ತಳೆ ಬಣ್ಣದ ಹಸಿರು

ಮಳೆಗಾಲ ಕಳೆದ ಮೇಲೆ ಕರಾವಳಿಯ ತೆಂಗಿನ ತೋಟ ಹೊಕ್ಕು, ಕಾಂಡಗಳನ್ನು ಒಂದೊಂದಾಗಿ ನೋಡುತ್ತಾ ನಡೆಯುವುದೆಂದರೆ ನನಗೆ ಬಲು ಇಷ್ಟ. ಒಂದು ಮಗ್ಗುಲು ಬೂದು. ಇನ್ನೊಂದು ಮಗ್ಗುಲಿಗೆ ಯಾರೋ ಕಾವಿ ಬಳಿದುಹೋದ ಹಾಗೆ. ಮುರಕಲ್ಲಿನ ಪಾಗಾರದ ಮೇಲೂ, ಹಳೆಯ ಕಾಂಕ್ರೀಟ್ ಗೋಡೆಯ ಮೇಲೂ ಅದೇ ಬಣ್ಣ. ಒಳಗಿನ ಕಬ್ಬಿಣದ ತುಕ್ಕು ಇಳಿದಿದೆ ಎನ್ನುವವರುಂಟು, ಕೆಮ್ಮಣ್ಣು ಸಿಡಿದದ್ದು ಎನ್ನುವವರೂ ಉಂಟು. ಎರಡೂ ಅಲ್ಲ, ಅದು ಪಾಚಿ. ಅದೂ ಹಸಿರು ಪಾಚಿಗಳ ಬಳಗಕ್ಕೇ ಸೇರಿದ್ದು. ಟ್ರೆಂಟೆಪೋಲಿಯಾ ಎಂಬ ಈ ಹೆಸರನ್ನು 1817ರಲ್ಲಿ ಸಸ್ಯವಿಜ್ಞಾನಿ ಮಾರ್ಟಿಯಸ್ ಇಟ್ಟ, ಸಸ್ಯಗಳ ಬೆನ್ನುಹತ್ತಿದ್ದ ಟ್ರೆಂಟೆಪೋಲ್ ಎಂಬ ಜರ್ಮನ್ ಪಾದ್ರಿಯ ನೆನಪಿಗೆ.

ಹತ್ತಿರ ಹೋಗಿ ನೋಡಬೇಕು. ದೂರಕ್ಕೆ ಬಣ್ಣವಾಗಿದ್ದದ್ದು ಕಣ್ಣ ಬುಡದಲ್ಲಿ ತುಪ್ಪಳವಾಗುತ್ತದೆ. ಭೂತಗನ್ನಡಿ ಹಿಡಿದರೆ ಕವಲೊಡೆದ ಗಿಡ್ಡ ಎಳೆಗಳು ಒತ್ತೊತ್ತಾಗಿ ನಿಂತಿರುತ್ತವೆ. ಬೆರಳಿನಿಂದ ಸವರಿದರೆ ಕಿತ್ತಳೆ ಪುಡಿ ಚರ್ಮಕ್ಕೆ ಅಂಟುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಪ್ರತಿ ಎಳೆಯೂ ಜೀವಕೋಶಗಳ ಸರ, ಕೋಶದ ಒಳಗೆಲ್ಲ ಎಣ್ಣೆಯ ಹನಿಗಳು. ಗಜ್ಜರಿಗೆ ಬಣ್ಣ ಕೊಡುವ ಕ್ಯಾರೋಟಿನ್ ಆ ಹನಿಗಳಲ್ಲಿದೆ. ಹಸಿರು ಎಲ್ಲಿಗೂ ಹೋಗಿಲ್ಲ, ಕಿತ್ತಳೆಯ ಮರೆಯಲ್ಲಿದೆ. ದಟ್ಟ ನೆರಳಿನಲ್ಲಿ ಬೆಳೆದಾಗ ಆ ಹಸಿರೇ ಮೇಲೆದ್ದು ಕಾಣುವುದೂ ಉಂಟು. ಬಿಸಿಲು ತಾಗುವಲ್ಲಿ ಬಣ್ಣ ಗಾಢ. ಕೋಶವನ್ನು ಬಿಸಿಲ ಹೊಡೆತದಿಂದ ಕಾಯುವುದು ಆ ಬಣ್ಣವೇ.

ಇದಕ್ಕೆ ಕೆರೆ ಬೇಡ, ಬಾವಿ ಬೇಡ. ಮಳೆ, ಮಂಜು, ಗಾಳಿಯ ತೇವ ಸಾಕು. ಬೇಸಿಗೆಯಲ್ಲಿ ಒಣಗಿ ಸುಮ್ಮನಿದ್ದು, ಮೊದಲ ಮಳೆಗೆ ಮತ್ತೆ ಚಿಗುರಿಕೊಳ್ಳುತ್ತದೆ. ತೆಂಗಿನಿಂದ ಇದು ಪಡೆಯುವುದು ನಿಲ್ಲಲು ಜಾಗ ಮಾತ್ರ. ರೋಗವೆಂದು ಹೆದರಿ ಕಾಂಡ ಕೆರೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಚಹಾ, ಮಾವು, ಸೀಬೆಯ ಎಲೆಗಳಲ್ಲಿ ಕೆಂಪು ಚುಕ್ಕೆ ಎಬ್ಬಿಸಿ ಕಾಡುವುದು ಇದೇ ಕುಟುಂಬದ ಸೆಫಲ್ಯೂರಸ್. ಆ ದಾಯಾದಿಯ ತಪ್ಪಿಗೆ ಇದು ಹೊಣೆಯಲ್ಲ.

ಯುರೋಪಿನ ಬೆಟ್ಟಗಳಲ್ಲಿ ಇದರದೇ ಜಾತಿಯೊಂದು ಗ್ರಾನೈಟ್ ಬಂಡೆಗಳ ಮೇಲೆ ಬೆಳೆಯುತ್ತದೆ. ಒದ್ದೆಯಾದಾಗ ಆ ಕಲ್ಲು ವಯೊಲೆಟ್ ಹೂವಿನ ಪರಿಮಳ ಸೂಸುತ್ತದಂತೆ. ಚೀನಾದ ಸಿಚುವಾನ್ ಪ್ರಾಂತ್ಯದ ಹೈಲುಓಗೌ ಕಣಿವೆಯಲ್ಲಿ ಹೊಳೆಯ ಬಂಡೆಗಳೆಲ್ಲ ಇದರಿಂದ ಕೆಂಪು. ನಮ್ಮ ನೆರೆಯಲ್ಲಂತೂ ಇದು ಆಕಾಶದಿಂದಲೇ ಇಳಿಯಿತು. 2001ರ ಜುಲೈನಿಂದ ಸೆಪ್ಟೆಂಬರ್‌ವರೆಗೆ ಕೇರಳದ ಕೊಟ್ಟಾಯಂ ಮತ್ತು ಸುತ್ತಲಿನ ಜಿಲ್ಲೆಗಳಲ್ಲಿ ಆಗಾಗ ಕೆಂಪು ಮಳೆ ಸುರಿದು, ಒಣಹಾಕಿದ ಬಟ್ಟೆಗಳಿಗೆ ಕಲೆ ಹಿಡಿಯಿತು. ಅನ್ಯಲೋಕದ ಜೀವಕೋಶಗಳೆಂಬ ವಾದವೂ ಎದ್ದಿತು. ನೀರನ್ನು ಪರೀಕ್ಷಿಸಿದ ತಿರುವನಂತಪುರದ ವಿಜ್ಞಾನಿಗಳಿಗೆ ಸಿಕ್ಕಿದ್ದು ಟ್ರೆಂಟೆಪೋಲಿಯಾದ ಬೀಜಕಣಗಳು. ಅನ್ಯಲೋಕಕ್ಕಿಂತ ನನಗೆ ಹೆಚ್ಚು ಬೆರಗು ತರುವುದು ಈ ಉತ್ತರವೇ: ಮರದ ತೊಗಟೆಯಿಂದ ಎದ್ದದ್ದು ಮೋಡದವರೆಗೆ ಹೋಗಿ ಮಳೆಗೇ ಬಣ್ಣ ಕಟ್ಟಿತಲ್ಲ!

ಆ ಬೀಜಕಣಗಳು ಕಲ್ಲುಹೂವಿನೊಳಗೆ ಶಿಲೀಂಧ್ರದ ಜೊತೆ ಬಾಳುವ ಬಗೆಯ ಪಾಚಿಯವು ಎಂದೂ ಆ ವಿಜ್ಞಾನಿಗಳು ಗುರುತಿಸಿದರು. ಆ ಸಹವಾಸ ಘಟ್ಟದ ಕಾಡಿನಲ್ಲಿ ಎಲ್ಲೆಲ್ಲೂ ಇದೆ. ನುಣುಪು ತೊಗಟೆಯ ಮರಗಳಲ್ಲಿ ಬಿಳಿ ಮಚ್ಚೆ, ಅದರ ಮೇಲೆ ಸಣ್ಣ ಕರಿ ಗೀಟುಗಳು ಕಂಡರೆ ಅದು ಗ್ರಾಫಿಸ್ ಕಲ್ಲುಹೂವು ಇರಬಹುದು. ಉಗುರಿನಿಂದ ಒಂದು ಎಳೆಯಷ್ಟು ಗೀರಿ ನೋಡಿ, ಅಷ್ಟೇ ಸಾಕು: ಬಿಳಿ ಪದರದ ಅಡಿಯಲ್ಲಿ ಕಿತ್ತಳೆ ಮಿಶ್ರಿತ ಹಸಿರು ಕಾಣಿಸಿಕೊಳ್ಳುತ್ತದೆ.